ಚೌಕಳಿ ಕೋಟಿನ ಕಾಕಾ ಹುಟ್ಟಿದ ಕತೆ

ಬೀದರಿನಲ್ಲಿ ‘ಪೇಪರ್ ಬಂತಾ?’ ಅಂತ ಕೇಳಿದರೆ ‘ಯಾವ ಭಾಷೆದು?’ ಅಂತ ಮರುಪ್ರಶ್ನೆ ಬರುತ್ತೆ. ಒಂದೇ ಓಣಿಯಲ್ಲಿ ಒಬ್ಬರ ಮನೆಗೆ ಹೈದರಾಬಾದಿನ ಉರ್ದು ಪೇಪರ್, ಪಕ್ಕದ ಮನೆಗೆ ಮರಾಠಿ ಪೇಪರ್, ಎದುರು ಮನೆಗೆ ಕನ್ನಡದ್ದು. ಔರಾದ್ ಕಡೆ ಹೋದರಂತೂ ಮನೆಯಲ್ಲಿ ಮರಾಠಿ ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿ, ಸಂತೆಯಲ್ಲಿ ದಖನಿಯಲ್ಲಿ ಚೌಕಾಸಿ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಇಂಥ ಸೀಮೆಯಲ್ಲಿ ಬೆಳೆದವನಿಗೆ (ಅಂದರೆ ನನಗೆ :) ) ಒಂದು ಪ್ರಶ್ನೆ ಬಹಳ ವರ್ಷದಿಂದ ತಲೆಯಲ್ಲಿ ಕೂತಿತ್ತು. ಚೌಕಳಿ ಕೋಟು, ಕಚ್ಚೆಪಂಚೆ, ಬೋಳುತಲೆಯ ಎರಡೂ ಬದಿಗೆ ಕೆದರಿದ ಬಿಳಿ ಕೂದಲು, ದಪ್ಪ ಮೂಗಿನ ಮೇಲೆ ಕನ್ನಡಕ, ಪೊದೆ ಮೀಸೆ... ಪೇಪರಿನ ಮೂಲೆಯಲ್ಲಿ ದಿನಾ ನಿಂತಿರುತ್ತಿದ್ದನಲ್ಲ ಆ ಮನುಷ್ಯ, ಅವನ ಮನೆಮಾತು ಯಾವುದು?

ಆರ್. ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’ ಬಗ್ಗೆ ಹೇಳ್ತಾ ಇದ್ದೀನಿ ಅಂತ ನಿಮಗೆ ಗೊತ್ತಾಗಿರುತ್ತೆ. ಅವನ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ಹೊಗಳಿದವರೂ ಬೇಕಾದಷ್ಟು. ನನಗೆ ಕುತೂಹಲ ಇರೋದು ಅವನ ಮೊದಲ ದಿನಗಳ ಬಗ್ಗೆ. ಯಾಕೆಂದರೆ ಅವನು ಒಂದು ಒಳ್ಳೆಯ ದಿನ ಲಕ್ಷ್ಮಣ್ ತಲೆಯಲ್ಲಿ ಪೂರ್ತಿ ವೇಷಭೂಷಣ ಸಮೇತ ಹುಟ್ಟಿದವನಲ್ಲ. ಬೇರೆಯವರನ್ನೆಲ್ಲ ಅಳಿಸುತ್ತಾ ಹೋದಾಗ ಕೊನೆಗೆ ಚೌಕಟ್ಟಿನಲ್ಲಿ ಉಳಿದುಕೊಂಡವನು ಅವನು. ಈ ಅಳಿಸಾಟದ ಕತೆಯಲ್ಲಿ ನಮ್ಮ ಗಡಿಸೀಮೆಯವರಿಗೆ ಯೋಚನೆ ಮಾಡಬೇಕಾದ್ದು ಸ್ವಲ್ಪ ಇದೆ ಅಂತ ನನಗೆ ಅನಿಸುತ್ತೆ.

ಮೊದಲು ಆ ಪುಟ್ಟ ಚೌಕಟ್ಟಿನ ವಿಷಯ. ಪತ್ರಿಕೆಯ ಒಂದೇ ಒಂದು ಕಾಲಮ್ಮಿನ ಅಗಲ, ಒಂದು ಚಿತ್ರ, ಕೆಳಗೆ ಒಂದು ಸಾಲು. ಇದಕ್ಕೆ ಪಾಕೆಟ್ ಕಾರ್ಟೂನ್ ಅಂತ ಹೆಸರು. ಲಂಡನ್ನಿನ ಡೈಲಿ ಎಕ್ಸ್‌ಪ್ರೆಸ್‌ನಲ್ಲಿ 1939ರ ಜನವರಿಯಲ್ಲಿ ಆಸ್ಬರ್ಟ್ ಲ್ಯಾಂಕಾಸ್ಟರ್ ಇಂಥದ್ದನ್ನು ಶುರುಮಾಡಿದರು. ಒಳಪುಟದ ದೊಡ್ಡ ರಾಜಕೀಯ ವ್ಯಂಗ್ಯಚಿತ್ರಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ದೊಡ್ಡದರಲ್ಲಿ ಪ್ರಧಾನಿ, ಮಂತ್ರಿ, ವಿದೇಶಿ ನಾಯಕರು ಇರುತ್ತಾರೆ. ಪುಟ್ಟದರಲ್ಲಿ ಅಂಗಡಿ, ಬಸ್‌ಸ್ಟಾಪು, ಆಫೀಸು, ಅಡುಗೆಮನೆ. ಇದು ದಿನಾ ಬರಬೇಕು. ದಿನಾ ಬರಬೇಕಾದರೆ ಓದುಗನಿಗೆ ಗುರುತಿರುವ ಮುಖವೊಂದು ಬೇಕಾಗುತ್ತೆ. ಬೆಳಿಗ್ಗೆ ಚಹಾ ಕುಡಿಯುತ್ತಾ ನೋಡುವವನಿಗೆ ‘ಇವನು ಯಾರಪ್ಪ’ ಅಂತ ಯೋಚನೆ ಮಾಡುವಷ್ಟು ಪುರುಸೊತ್ತು ಎಲ್ಲಿ?

ಜನಸಾಮಾನ್ಯನನ್ನು ಒಂದು ಬೊಂಬೆ ಮಾಡಿ ನಿಲ್ಲಿಸುವ ಪದ್ಧತಿಯೂ ಹೊಸದಲ್ಲ. ಅದೇ ಡೈಲಿ ಎಕ್ಸ್‌ಪ್ರೆಸ್‌ನಲ್ಲಿ ಸ್ಟ್ರೂಬ್ ಎಂಬ ಕಲಾವಿದರು ಛತ್ರಿ ಹಿಡಿದ ಒಬ್ಬ ‘ಲಿಟ್ಲ್ ಮ್ಯಾನ್’ನನ್ನು ಬರೆಯುತ್ತಿದ್ದರು. ತೆರಿಗೆ ಕಟ್ಟಿ ಕಟ್ಟಿ ಸುಸ್ತಾದ ಪಾಪದ ಮನುಷ್ಯ ಅವನು. ಡೇವಿಡ್ ಲೋ 1934ರಲ್ಲಿ ‘ಕರ್ನಲ್ ಬ್ಲಿಂಪ್’ ಅನ್ನೋ ಡೊಳ್ಳುಹೊಟ್ಟೆಯ ಹಳೇ ಮಿಲಿಟರಿಯವನನ್ನು ಸೃಷ್ಟಿಸಿದರು. ಬಾಯಿ ತೆರೆದರೆ ಬರೀ ಅಸಂಬದ್ಧ ಮಾತಾಡುವ ಬ್ಲಿಂಪ್‌ನನ್ನು ನೋಡಿ ಓದುಗ ನಗುತ್ತಿದ್ದ. ನಮ್ಮ ಚೌಕಳಿ ಕೋಟಿನವನ ಸಂಗತಿ ಬೇರೆ. ಅವನ ಪಕ್ಕ ನಿಂತು ಓದುಗ ಬೇರೆಯವರನ್ನು ನೋಡಿ ನಗುತ್ತಾನೆ.

ಈಗ ಮೈಸೂರಿಗೆ ಬರೋಣ. ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಹೆಡ್‌ಮಾಸ್ಟರು. ಅಣ್ಣ ಆರ್. ಕೆ. ನಾರಾಯಣ್ ಯಾರೆಂದು ಹೇಳಬೇಕಾಗಿಲ್ಲ. ಓದಲು ಬರುವ ಮೊದಲೇ ಪತ್ರಿಕೆಗಳ ಚಿತ್ರ ನೋಡುವುದು, ಮನೆಯ ನೆಲ, ಗೋಡೆ, ಬಾಗಿಲ ಮೇಲೆಲ್ಲ ಗೀಚುವುದು ಹುಡುಗನ ಕೆಲಸ. ‘ದಿ ಹಿಂದೂ’ ಪತ್ರಿಕೆಯಲ್ಲಿ ಡೇವಿಡ್ ಲೋ ಅವರ ಚಿತ್ರಗಳು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದವು. ಆ ಸಹಿಯನ್ನು ಹುಡುಗ ಬಹಳ ಕಾಲ ‘ಕೌ’ ಅಂತಲೇ ಓದಿಕೊಂಡಿದ್ದನಂತೆ. ಯಾರೋ ಹಸು ಅಂತ ಹೆಸರಿಟ್ಟುಕೊಂಡ ಮಹಾನುಭಾವ ಇಷ್ಟು ಚೆನ್ನಾಗಿ ಬರೀತಾನಲ್ಲ ಅಂತ!

ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ನಿಮ್ಮ ಚಿತ್ರಗಳಲ್ಲಿ ನಮ್ಮಲ್ಲಿ ಸೇರಿಸಿಕೊಳ್ಳುವಷ್ಟು ಪ್ರತಿಭೆ ಇಲ್ಲ ಅಂತ ಉತ್ತರ ಬಂತು. ಮೈಸೂರಲ್ಲೇ ಬಿ.ಎ. ಆಯಿತು. ಅಣ್ಣನ ಕತೆಗಳಿಗೆ ಚಿತ್ರ ಬರೆದರು. ಆಮೇಲೆ ನಾವು ಕನ್ನಡಿಗರು ಮರೆಯಬಾರದ ಇನ್ನೊಂದು ಕೆಲಸ ಇದೆ, ‘ಕೊರವಂಜಿ’.

ಡಾ. ಎಂ. ಶಿವರಾಂ, ಅಂದರೆ ‘ರಾಶಿ’, 1942ರಲ್ಲಿ ಶುರುಮಾಡಿದ ಹಾಸ್ಯ ಮಾಸಪತ್ರಿಕೆ ಅದು. 1967ರವರೆಗೆ, ಇಪ್ಪತ್ತೈದು ವರ್ಷ ನಡೆಯಿತು. ನಾ. ಕಸ್ತೂರಿ, ಟಿ. ಸುನಂದಮ್ಮ ಮುಂತಾದವರೆಲ್ಲ ಅದರಲ್ಲಿ ಬರೆದವರು. ಲಕ್ಷ್ಮಣ್ ಹರೆಯದಲ್ಲೇ ಅದಕ್ಕೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಆ ಹೆಸರನ್ನೇ ಸ್ವಲ್ಪ ಗಮನಿಸಿ. ಕೊರವಂಜಿ ಕಣಿ ಹೇಳುವವಳು. ಮನೆ ಬಾಗಿಲಿಗೆ ಬಂದು, ಕೈ ಹಿಡಿದು, ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು. ಲಕ್ಷ್ಮಣ್ ಪಳಗಿದ್ದು ಅಂಥ ಬಾಯಿಬಡುಕಿಯ ಹೆಸರಿನ ಪತ್ರಿಕೆಯಲ್ಲಿ. ಮುಂದೆ ಅವರು ಕಟ್ಟಿದ್ದು ಬಾಯಿಯನ್ನೇ ಬಿಡದ ಮನುಷ್ಯನನ್ನು. ಇದು ನನಗೆ ಬಹಳ ತಮಾಷೆಯಾಗಿ ಕಾಣುತ್ತೆ.

ಮುಂಬಯಿಗೆ ಹೋದ ಮೇಲೆ ಮೊದಲು ಫ್ರೀ ಪ್ರೆಸ್ ಜರ್ನಲ್. ಅಲ್ಲಿ ಅವರ ಜೊತೆ ಕಾರ್ಟೂನು ಬರೆಯುತ್ತಿದ್ದವರು ಬಾಳ್ ಠಾಕ್ರೆ. 1947ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸೇರಿದರು, ಐವತ್ತು ವರ್ಷ ದಾಟಿದರೂ ಬಿಡಲಿಲ್ಲ. ‘ಯು ಸೆಡ್ ಇಟ್’ ಎಂಬ ಪುಟ್ಟ ಚೌಕಟ್ಟು ಶುರುವಾದದ್ದು 1951ರಲ್ಲಿ.

ಆಗಿನ ಮೊದಲ ಚಿತ್ರಗಳಲ್ಲಿ ‘ಭಾರತದ ಜನ’ ಅಂತ ತೋರಿಸಬೇಕಾದರೆ ಲಕ್ಷ್ಮಣ್ ಒಂದು ಸಣ್ಣ ಗುಂಪನ್ನೇ ಬರೆಯುತ್ತಿದ್ದರು. ಒಬ್ಬ ಬಂಗಾಳಿ, ಒಬ್ಬ ತಮಿಳ, ಒಬ್ಬ ಪಂಜಾಬಿ... ಹೀಗೆ ಒಂದೊಂದು ಪ್ರಾಂತ್ಯದ ಒಬ್ಬೊಬ್ಬರು. ವ್ಯಂಗ್ಯಚಿತ್ರದಲ್ಲಿ ಪ್ರಾಂತ್ಯವನ್ನು ತೋರಿಸುವುದು ಹೇಗೆ? ತಲೆಯ ಮೇಲಿನ ರುಮಾಲಿನಿಂದ, ಪಂಚೆ ಉಟ್ಟ ರೀತಿಯಿಂದ, ಹಣೆಯ ಮೇಲಿನ ಗುರುತಿನಿಂದ. ಅಷ್ಟೂ ಜನರನ್ನು ಒಂದು ಕಾಲಮ್ಮಿನ ಜಾಗದಲ್ಲಿ ತುರುಕಬೇಕು, ಅದೂ ದಿನಾ. ಜೊತೆಗೆ ಒಳಪುಟದ ದೊಡ್ಡ ಕಾರ್ಟೂನ್ ಬೇರೆ. ಪ್ರೆಸ್ಸಿನ ಗಡಿಯಾರ ಯಾರಿಗೂ ಕಾಯುವುದಿಲ್ಲ. ಹೊತ್ತು ಸಾಲದೆ ಒಬ್ಬೊಬ್ಬರನ್ನೇ ಬಿಡುತ್ತಾ ಬಂದರು. ಗುಂಪು ಕರಗಿ ಕರಗಿ ಕಡೆಗೆ ಉಳಿದವನು ಒಬ್ಬನೇ, ಚೌಕಳಿ ಕೋಟಿನವನು. ಸಿದ್ಧಾಂತ ಮಾಡಿ ಹುಟ್ಟಿಸಿದ ಪಾತ್ರ ಇದಲ್ಲ. ಗಡುವಿಗೆ ಸಿಕ್ಕಿ ಹುಟ್ಟಿದ್ದು. (ಬರೆಯುವ ಕೆಲಸ ಇಟ್ಟುಕೊಂಡವರಿಗೆ ಇದರ ಕಷ್ಟಸುಖ ಗೊತ್ತು ಬಿಡಿ.)

ಉಳಿದವನ ಮೈಮೇಲೆ ಏನಿದೆ ಅಂತ ಈಗ ನೋಡಿ. ಪಂಚೆ ಈ ದೇಶದ್ದು, ಕೋಟು ಬ್ರಿಟಿಷರ ಕಾಲದ ಆಫೀಸಿನಿಂದ ಬಂದದ್ದು. ತಲೆಯ ಮೇಲೆ ರುಮಾಲಿಲ್ಲ, ಪೇಟವಿಲ್ಲ, ಟೋಪಿಯಿಲ್ಲ. ಅಂದರೆ ಆಗ ಪ್ರಾಂತ್ಯ ಯಾವುದೆಂದು ಹೇಳುತ್ತಿದ್ದ ಮುಖ್ಯ ಗುರುತೇ ಇಲ್ಲ! ಬೋಳುತಲೆಗೆ ಭಾಷೆ ಇಲ್ಲ ನೋಡಿ.

ಅದೇ 1951ರಲ್ಲಿ ದೇಶದಲ್ಲಿ ಇನ್ನೇನಾಗುತ್ತಿತ್ತು ಅಂತ ನೆನಪಿಸಿಕೊಂಡರೆ ಈ ಮನುಷ್ಯ ಯಾಕೆ ಅಷ್ಟು ಬೇಗ ಜನಕ್ಕೆ ಹಿಡಿಸಿದ ಅಂತ ತಿಳಿಯುತ್ತೆ. ಆ ವರ್ಷದ ಅಕ್ಟೋಬರಿನಲ್ಲಿ ಮೊದಲ ಮಹಾಚುನಾವಣೆ ಶುರುವಾಗಿ 1952ರ ಫೆಬ್ರವರಿಯವರೆಗೆ ನಡೆಯಿತು. ಮತದಾರರು 17 ಕೋಟಿಗೂ ಹೆಚ್ಚು. 1951ರ ಜನಗಣತಿಯ ಪ್ರಕಾರ ಓದುಬರಹ ಬಲ್ಲವರು ನೂರಕ್ಕೆ ಸುಮಾರು 18 ಮಾತ್ರ. ಹಾಗಾಗಿ ಪಕ್ಷಗಳನ್ನು ಹೆಸರಿನಿಂದ ಗುರುತಿಸುವ ಬದಲು ಚಿತ್ರದಿಂದ ಗುರುತಿಸಬೇಕಾಯಿತು. ನೊಗ ಹೊತ್ತ ಜೋಡೆತ್ತು ಅಂದರೆ ಕಾಂಗ್ರೆಸ್ಸು. ಇಡೀ ದೇಶ ರಾಜಕೀಯವನ್ನು ಚಿತ್ರದಲ್ಲಿ ಓದಲು ಕಲಿಯುತ್ತಿದ್ದ ಕಾಲ ಅದು. ‘ಪ್ರಜೆ’ ಅನ್ನುವ ಪದಕ್ಕೆ ರಾಜನ ಕೈಕೆಳಗಿನವನು ಅನ್ನೋ ಅರ್ಥ ಹೋಗಿ, ವೋಟು ಇರುವವನು ಅನ್ನೋ ಹೊಸ ಅರ್ಥ ಬರುತ್ತಿತ್ತು. ಆ ಹೊಸ ಪ್ರಜೆಗೊಂದು ಮುಖ ಬೇಕಿತ್ತು. ಆ ಪುಟ್ಟ ಚೌಕಟ್ಟು ಅದನ್ನು ಕೊಟ್ಟಿತು.

ನಮ್ಮ ಸೀಮೆಯ ಕತೆ ಇನ್ನೂ ಒಂದು ತೂಕ ಹೆಚ್ಚು. ಬೀದರ್ ಆಗ ಹೈದರಾಬಾದ್ ರಾಜ್ಯದಲ್ಲಿತ್ತು. 1948ರ ಸೆಪ್ಟೆಂಬರಿನವರೆಗೂ ನಿಜಾಮರ ಆಳ್ವಿಕೆ, ಸರಕಾರದ ಭಾಷೆ ಉರ್ದು. ಅಂದರೆ ಮೂರು ವರ್ಷದ ಹಿಂದೆ ನಿಜಾಮರ ಪ್ರಜೆಯಾಗಿದ್ದವನು ಈಗ ಸಾಲಿನಲ್ಲಿ ನಿಂತು ವೋಟು ಹಾಕುತ್ತಿದ್ದ. ಮೈಸೂರಿನವರೊಬ್ಬರು ಮುಂಬಯಿಯಲ್ಲಿ ಕೂತು ಇಂಗ್ಲಿಷ್ ಪತ್ರಿಕೆಗೆ ಈ ಪಾತ್ರವನ್ನು ಬರೆಯುತ್ತಿದ್ದಾಗ ಭಾಲ್ಕಿ, ಔರಾದಿನ ಜನ ಮೈಸೂರಿಗೂ ಮುಂಬಯಿಗೂ ಸೇರಿದವರಾಗಿರಲಿಲ್ಲ.

1956ರ ನವೆಂಬರ್ 1ಕ್ಕೆ ಗೆರೆ ಎಳೆದರು. ಆಗಿನ ಬೀದರ್ ಜಿಲ್ಲೆ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ್ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ. ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ. ಬೀದರ್ ತಾಲ್ಲೂಕಿನದ್ದೇ ನ್ಯಾಲಕಲ್ ಸರ್ಕಲ್ ಕೂಡ ಆಂಧ್ರಕ್ಕೆ ಹೋಯಿತು. ಉಳಿದದ್ದು ಮೈಸೂರು ರಾಜ್ಯಕ್ಕೆ. ಬೀಗರು ಒಂದು ಕಡೆ, ಹೊಲ ಒಂದು ಕಡೆ, ಸಂತೆ ಇನ್ನೊಂದು ಕಡೆ. ಭಾಷೆ ನೋಡಿ ರಾಜ್ಯ ಮಾಡಿದರು ನಿಜ, ಆದರೆ ಒಂದೇ ಮನೆಯಲ್ಲಿ ಮೂರು ಭಾಷೆ ಇದ್ದರೆ ಗೆರೆ ಎಲ್ಲಿ ಎಳೆಯೋದು? ಅಂಥ ಮನುಷ್ಯನನ್ನು ಲಕ್ಷ್ಮಣ್ ತಮ್ಮ ಹಳೆಯ ಗುಂಪಿನಲ್ಲಿ ಬರೆಯಬೇಕಾಗಿದ್ದರೆ ತಲೆಗೆ ಏನು ಹಾಕುತ್ತಿದ್ದರು? ಮರಾಠಿ ಪಗಡಿಯೋ, ಮೈಸೂರು ಪೇಟವೋ, ಹೈದರಾಬಾದಿನ ಟೋಪಿಯೋ? ಔರಾದಿನ ಮನುಷ್ಯ ಆ ಗುಂಪಿನಲ್ಲಿ ಎಲ್ಲೂ ಹೊಂದುತ್ತಿರಲಿಲ್ಲ. ಗುಂಪನ್ನು ಅಳಿಸಿ ಒಬ್ಬನನ್ನೇ ಉಳಿಸಿದಾಗ ಮಾತ್ರ ಅವನಿಗೂ ಒಂದು ಜಾಗ ಸಿಕ್ಕಿತು.

ಇನ್ನು ಅವನ ಮೌನ. ಅಷ್ಟು ವರ್ಷ ಬಂದರೂ ಅವನು ಮಾತಾಡುವುದಿಲ್ಲ. ಕೆಳಗಿನ ಸಾಲು ಯಾವಾಗಲೂ ಬೇರೆಯವರದು, ಮಂತ್ರಿಯದೋ, ಅಧಿಕಾರಿಯದೋ, ಬೀದಿಯಲ್ಲಿ ಹೋಗುವವನದೋ. ಅವನ ಹೆಂಡತಿ ಕೂಡ ಬಾಯಿಬಿಟ್ಟು ಅನ್ನುತ್ತಾಳೆ, ಅವನು ಮಾತ್ರ ಇಲ್ಲ. ಕಾರ್ಟೂನು ಕೆಲಸ ಮಾಡುವ ರೀತಿಯೇ ಇದು. ಮಾತಾಡುವವನು ತನ್ನ ಮಾತಿನಲ್ಲೇ ತಾನು ಸಿಕ್ಕಿಬೀಳಬೇಕು, ಕೇಳಿಸಿಕೊಳ್ಳುವವನ ಹುಬ್ಬು ಅದಕ್ಕೆ ಸಾಕ್ಷಿ ಹೇಳಬೇಕು. ಸಾಕ್ಷಿಯೂ ಬಾಯಿ ತೆರೆದು ಟೀಕೆ ಶುರುಮಾಡಿದರೆ ಅದು ಭಾಷಣ ಆಗಿಬಿಡುತ್ತೆ.

ಭಾಲ್ಕಿಯಲ್ಲಿ ನಮ್ಮ ಕಾಕಾ ಒಬ್ಬರಿದ್ದರು. ಉರ್ದು ಮಾಧ್ಯಮದಲ್ಲಿ ಓದಿದವರು, ಇಂಗ್ಲಿಷ್ ಗಂಧ ಇಲ್ಲ. ಯಾರೋ ಹೈದರಾಬಾದಿನಿಂದ ಬರುವಾಗ ತಂದ ಹಳೆ ಇಂಗ್ಲಿಷ್ ಪೇಪರ್ ಸಿಕ್ಕರೆ ಈ ಚಿತ್ರ ನೋಡಿ ನಗುತ್ತಿದ್ದರು. “ಇಂಗ್ಲಿಷ್ ಬರಲ್ಲಲ್ರೀ ಕಾಕಾ, ಏನ್ ತಿಳೀತು ನಿಮಗ?” ಅಂತ ಕೇಳಿದರೆ ಅವರು ಹೇಳಿದ್ದು: “ಮಂತ್ರಿ ಬಾಯಿ ತೆರದಾನ, ಇವನ ಹುಬ್ಬು ಮ್ಯಾಲ ಹೋಗ್ಯಾವ. ಇನ್ನೇನ್ ತಿಳೀಬೇಕೋ?” ಕಾರ್ಟೂನಿನ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಬೇರೆಲ್ಲೂ ಓದಿಲ್ಲ.

ಮೌನಕ್ಕೆ ನಮ್ಮ ಸೀಮೆಯಲ್ಲಿ ಇನ್ನೊಂದು ಅರ್ಥವೂ ಇದೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ ಕತೆ ಬೀದರ್ ಜಿಲ್ಲೆಯಲ್ಲಿ ಗೊತ್ತಿಲ್ಲದವರಿಲ್ಲ. ಭಾಲ್ಕಿಯಲ್ಲೂ ಔರಾದ್ ಕಡೆಯ ಕಮಲನಗರದಲ್ಲೂ ಕನ್ನಡ ಕಲಿತವರು ಅವರ ಹೆಸರು ಹೇಳದೆ ಮಾತು ಮುಗಿಸುವುದಿಲ್ಲ. ಬೀದಿಗೆ ಕಾಣುವ ಮುಖ ಸುಮ್ಮನಿದ್ದರೂ ಒಳಗೆ ಕೆಲಸ ನಡೆಯುತ್ತಿರಬಹುದು ಅನ್ನೋದು ನಮ್ಮವರಿಗೆ ಅನುಭವದಿಂದ ಗೊತ್ತು. ಅದಕ್ಕೇ ಇರಬೇಕು, ಚೌಕಳಿ ಕೋಟಿನವನ ಮೌನವನ್ನು ನಮ್ಮ ಕಡೆಯ ಹಿರಿಯರು ಯಾರೂ ಹೇಡಿತನ ಅಂದದ್ದು ನಾನು ಕೇಳಿಲ್ಲ.

ಕನ್ನಡದ ಕಡೆಯೂ ಈ ಹುಡುಕಾಟ ನಡೆದೇ ಇತ್ತು. ಕುವೆಂಪು ಬಳಕೆಗೆ ತಂದ ‘ಶ್ರೀಸಾಮಾನ್ಯ’ ಅನ್ನೋ ಮಾತು ‘ಕಾಮನ್ ಮ್ಯಾನ್’ ಅನ್ನೋದಕ್ಕಿಂತ ಒಂದು ಕೈ ಮೇಲೆ. ಅದರಲ್ಲಿ ಸಾಮಾನ್ಯನ ಹೆಸರಿನ ಮುಂದೆಯೇ ‘ಶ್ರೀ’ ಇದೆ. ಬೆಂಗಳೂರಿನ ಡೆಕ್ಕನ್ ಹೆರಾಲ್ಡ್‌ನಲ್ಲಿ ಬಿ. ವಿ. ರಾಮಮೂರ್ತಿ ‘ಮಿಸ್ಟರ್ ಸಿಟಿಜನ್’ ಎಂಬ ಪಾತ್ರವನ್ನು ದಶಕಗಟ್ಟಲೆ ನಡೆಸಿದರು. ಪ್ರಜಾವಾಣಿಯ ‘ಚಿನಕುರಳಿ’ಯನ್ನು ಮೊದಲು ನೋಡಿ ಆಮೇಲೆ ಹೆಡ್‌ಲೈನ್ ಓದುವವರು ನಮ್ಮಲ್ಲೇ ಎಷ್ಟೋ ಜನ ಇದ್ದೀರಿ. ಅಂತೂ ಪೇಪರಿನ ಮೂಲೆಯಲ್ಲಿ ಒಬ್ಬ ಸಾಕ್ಷಿ ಬೇಕು ಅನ್ನೋದು ಎಲ್ಲರಿಗೂ ಒಪ್ಪಿಗೆಯಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಕರಾರನ್ನೂ ಹೇಳಿಬಿಡ್ತೀನಿ. ಗುಂಪನ್ನು ಅಳಿಸಿದಾಗ ಪ್ರಾಂತ್ಯದ ಗುರುತು ಹೋಯಿತು ಸರಿ. ಆದರೆ ಉಳಿದವನು ಎಲ್ಲರೂ ಆದನೇ? ಅವನು ಗಂಡಸು. ವಯಸ್ಸಾದವನು. ಓದುಬರಹ ಬಲ್ಲವನು. ಪಟ್ಟಣದವನು. ರೇಷನ್ ಸಾಲಿನಲ್ಲಿ ನಿಂತರೂ ಅವನ ಮೈಮೇಲೆ ಕೋಟಿದೆ. ಹೈದರಾಬಾದಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗುವ ಔರಾದಿನ ಕೂಲಿಯವನಿಗೆ ಚೌಕಳಿ ಕೋಟು ಎಲ್ಲಿಂದ ಬರಬೇಕು? ಲಕ್ಷ್ಮಣ್ ಹಳ್ಳಿಯ ಬಡವನನ್ನೂ ಬೇಕಾದಷ್ಟು ಸಲ ಬರೆದಿದ್ದಾರೆ. ಹರಕು ಗುಡಿಸಲು, ಎಲುಬು ಕಾಣುವ ಮೈ, ಮುಂದೆ ಮಂತ್ರಿಯ ಕಾರು. ಆದರೆ ಅಲ್ಲಿ ಆ ಬಡವ ನೋಟಕ್ಕೆ ಸಿಕ್ಕವನು. ನೋಡುವವನು ಮತ್ತೆ ಕೋಟಿನವನೇ. ಹೆಂಡತಿಗಂತೂ ಮಾತಿತ್ತು, ಆದರೆ ಆ ಚೌಕಟ್ಟಿನ ಗುರುತಾಗುವ ಭಾಗ್ಯ ಇರಲಿಲ್ಲ. ಕಣಿ ಹೇಳುವ ಕೊರವಂಜಿಯ ಜಾಗದಲ್ಲಿ ಮಾತಾಡದ ಗಂಡಸು ಬಂದು ನಿಂತಾಗ ಏನೋ ಒಂದು ಕಳೆದುಹೋಯಿತು ಅಂತ ನನಗೆ ಅನಿಸುತ್ತೆ.

ಹಾಗಂತ ಲಕ್ಷ್ಮಣ್‌ಗೆ ಇದು ಕಾಣದೆ ಇರಲಿಲ್ಲ. ಅವರ ಒಂದು ಪ್ರಸಿದ್ಧ ಕಾರ್ಟೂನಿನಲ್ಲಿ ಚಂದ್ರಲೋಕಕ್ಕೆ ಕಳಿಸಲು ವಿಜ್ಞಾನಿಗಳು ಈ ಮನುಷ್ಯನನ್ನೇ ಆರಿಸುತ್ತಾರೆ. ಕಾರಣ? ನೀರು, ಅನ್ನ, ಬೆಳಕು, ಗಾಳಿ, ಸೂರು ಯಾವುದೂ ಇಲ್ಲದೆ ಬದುಕಿ ಅಭ್ಯಾಸ ಇರುವವನು ಇವನೊಬ್ಬನೇ! ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಗೊತ್ತಿರುವ ನಮ್ಮ ಸೀಮೆಯವರಿಗೆ ಇದು ನಗೆಯೂ ಹೌದು, ಸಂಕಟವೂ ಹೌದು. ಆ ಒಂದು ಚಿತ್ರದಲ್ಲಿ ಕೋಟಿನವನೂ ಕೂಲಿಯವನೂ ಒಬ್ಬನೇ ಆಗಿಬಿಡುತ್ತಾರೆ.

ಆಮೇಲಿನ ಕತೆ ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸ್ತೀನಿ. 1988ರಲ್ಲಿ ಪತ್ರಿಕೆಗೆ 150 ವರ್ಷ ತುಂಬಿದಾಗ ಅವನು ಅಂಚೆಚೀಟಿಯ ಮೇಲೆ ಬಂದ. 2001ರಲ್ಲಿ ಪುಣೆಯ ಸಿಂಬಯಾಸಿಸ್‌ನಲ್ಲಿ ಅವನ ಪ್ರತಿಮೆ ನಿಂತಿತು, ಮುಂದೆ ಮುಂಬಯಿಯ ವರ್ಲಿ ಸಮುದ್ರ ದಂಡೆಯಲ್ಲೂ ಒಂದು. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರುಮಾಡಿದ ಏರ್ ಡೆಕ್ಕನ್‌ಗೆ ಅವನೇ ಲಾಂಛನ. ಬಸ್ಸಿನ ಸಾಲಿನಲ್ಲಿ ನಿಂತವನು ವಿಮಾನ ಹತ್ತಿದ. ಲಕ್ಷ್ಮಣ್ 2015ರ ಜನವರಿ 26ರಂದು ಪುಣೆಯಲ್ಲಿ ತೀರಿಕೊಂಡರು, ಗಣರಾಜ್ಯದ ದಿನವೇ. ಪ್ರಜೆಗೆ ಮುಖ ಕೊಟ್ಟವರು ಹೋಗುವುದಕ್ಕೆ ಅದೇ ದಿನ ಸಿಕ್ಕಿತು.

ಮನೆಮಾತು ಯಾವುದು ಅನ್ನೋ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟು. ಮೈಸೂರಿನ ಕೈ, ಮುಂಬಯಿಯ ಗಡಿಬಿಡಿ, ಇಂಗ್ಲಿಷಿನ ಸಾಲು, ಇವು ಮೂರೂ ಸೇರಿ ಹುಟ್ಟಿದವನಿಗೆ ಮನೆಮಾತೇ ಇಲ್ಲ. ಹಾಗಾಗಿ ಭಾಲ್ಕಿಯ ಕಾಕಾ ಅವನನ್ನು ತಮ್ಮವನು ಅಂದುಕೊಂಡು ನಗಲು ಸಾಧ್ಯವಾಯಿತು. ಆದರೆ ಜಾಗ ಸಾಲದೆ ಬಿಟ್ಟುಹೋದವರ ಪಟ್ಟಿಯನ್ನು ನಾವು ಕೈಯಲ್ಲಿ ಇಟ್ಟುಕೊಂಡಿರಬೇಕು. ಆ ಪಟ್ಟಿಯಲ್ಲಿ ಬಂಗಾಳಿ, ತಮಿಳ, ಪಂಜಾಬಿಗಳ ಜೊತೆಗೆ ಮೊದಲಿಗೇ ಯಾರೂ ಬರೆಯದೆ ಬಿಟ್ಟ ಔರಾದಿನ ಹೆಣ್ಣುಮಗಳೊಬ್ಬಳೂ ಇದ್ದಾಳೆ, ತಲೆಯ ಮೇಲೆ ಕೊಡ ಹೊತ್ತು, ಮೂರು ಭಾಷೆಯಲ್ಲಿ ಬೈಯುತ್ತಾ.

ಯಾರಾದರೂ ಅವಳನ್ನು ಬರೆಯುವವರಿದ್ದರೆ ಹೇಳಿ. ಒಂದೇ ಷರತ್ತು, ಅವಳ ಬಾಯಿ ಮಾತ್ರ ಮುಚ್ಚಿಸಬೇಡಿ :)